ಹದಿನಾರಕ್ಕೇ ದೊಡ್ಡವನಾದ ಹೀಬರ್

ನನ್ನ ಅಕ್ಕ ಮಾರ್ವಾಳ ಮಗ ಹೀಬರನನ್ನು ಅವನ ಅಪ್ಪನೇ ಪಿಕಪ್ ಗಾಡಿಯಲ್ಲಿ ಕರೆತಂದು ಹೆದ್ದಾರಿಯ ಪೆಟ್ರೋಲ್ ಬಂಕಿನ ಮುಂದೆ ಇಳಿಸಿ ಹೋದ. ಹುಡುಗನಿಗೆ ಆಗ ಹದಿನಾರು. ಕದ್ದು ರೇಡಿಯೋ ಕೇಳಿದ ಎಂಬುದು ನಮ್ಮ ಕ್ರೈಸ್ತ ಪಂಥದ ಸಭೆಯ ಹಿರಿಯರು ಹೊರಿಸಿದ ತಪ್ಪು. ನಿಜವಾದ ಕಾರಣ ಆ ಪಂಥದವರೇ ಇರುವ ನಮ್ಮ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬ ಗಂಡಸಿಗೆ ಮೂವರು, ನಾಲ್ವರು ಹೆಂಡಿರು ಬೇಕೆಂದರೆ ಗಂಡುಹುಡುಗರು ಹೆಚ್ಚಾಗುತ್ತಾರೆ. ಹೆಚ್ಚಾದವರನ್ನು ಹೊರಗೆ ಹಾಕುತ್ತಾರೆ.

ನಾನು ಆ ಕಣಿವೆಯಿಂದ ಮಗಳನ್ನು ಎತ್ತಿಕೊಂಡು ಓಡಿಬಂದವಳು. ಯೂಟಾದ ದಕ್ಷಿಣದಂಚಿನ ಈ ಪೇಟೆಯಲ್ಲಿ, ಒಂದು ಮೋಟೆಲಿನಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನದು. ಹೀಬರ್ ಹೇಗೋ ವಿಚಾರಿಸಿಕೊಂಡು ಹಿಂಬಾಗಿಲಿಗೆ ಬಂದು ನಿಂತ. ಆ ಸೆಕೆಯಲ್ಲೂ ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿತ್ತು.

“ನೀವು ವರ್ಲೀನ್ ಚಿಕ್ಕಮ್ಮ ಅಲ್ವಾ?” ಎಂದ. “ಮನೇಲಿ ನಿಮ್ಮ ಹೆಸರು ಎತ್ತೋ ಹಾಗಿಲ್ಲ. ಅದಕ್ಕೇ ಮರೀಲಿಲ್ಲ.”

ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅವನಿಗೂ ಜಾಗ ಮಾಡಿದೆವು. ಮನೆಗಳಿಗೆ ಚಾವಣಿ ಹಾಕುವ ಗುಂಪಿನಲ್ಲಿ ಕೆಲಸ ಸಿಕ್ಕಿತು. ಆದರೆ ಶಾಲೆಗೆ ಸೇರಲು ಹೋದರೆ ಅಪ್ಪನ ಸಹಿ ಕೇಳಿದರು. ಬಾಡಿಗೆಗೆ ಕೋಣೆ ಕೇಳಿದರೂ ಅದೇ ಮಾತು. ಏಣಿಯಿಂದ ಬಿದ್ದು ಮುಂಗೈ ಮುರಿದಾಗ ಆಸ್ಪತ್ರೆಯವರು ಕಟ್ಟು ಹಾಕಿ ಕೂರಿಸಿದರು. ಆಪರೇಷನ್ನಿಗೆ ಹೆತ್ತವರ ಒಪ್ಪಿಗೆ ಬೇಕೆಂದರು. ಅವನಪ್ಪ ಥಾಡ್ ಫೋನೇ ಎತ್ತಲಿಲ್ಲ. ಆ ಕೈ ಕೊನೆಗೂ ನೆಟ್ಟಗೆ ಕೂಡಲಿಲ್ಲ.

ಉಚಿತವಾಗಿ ಕೇಸು ನಡೆಸುವ ಇನೆಸ್ ಎಂಬ ವಕೀಲೆ ದಾರಿ ತೋರಿಸಿದರು. ಹದಿನಾರು ತುಂಬಿದವನನ್ನು ಕೋರ್ಟು ವಯಸ್ಕನೆಂದು ಘೋಷಿಸಬಹುದು. ಆಮೇಲೆ ಅವನ ಸಹಿ ಅವನದೇ, ಅವನ ಮನೆ ಅವನದೇ.

ವಿಚಾರಣೆಯ ದಿನ ಥಾಡ್ ಬಂದ. ಹಿಂದೆಯೇ ನನ್ನಕ್ಕ, ಪಾದ ಮುಚ್ಚುವ ನೀಲಿ ಫ್ರಾಕಿನಲ್ಲಿ, ನೆಲ ನೋಡುತ್ತ. ಅವನು ಅಡ್ಡಿ ಮಾಡುತ್ತಾನೆಂದು ಇನೆಸ್ ಉತ್ತರಗಳನ್ನೆಲ್ಲ ಸಿದ್ಧಮಾಡಿಕೊಂಡಿದ್ದರು. ಒಂದೂ ಬೇಕಾಗಲಿಲ್ಲ.

“ನಿಮ್ಮ ಆಕ್ಷೇಪಣೆ ಏನಾದರೂ ಇದೆಯೇ?” ಎಂದು ನ್ಯಾಯಾಧೀಶರು ಕೇಳಿದರು.

“ನನಗ್ಯಾಕೆ ಇರುತ್ತೆ ಸ್ವಾಮಿ? ಅವನು ನಮ್ಮ ಮನೆಯವನಲ್ಲ. ಎಲ್ಲಿ ಸಹಿ ಹಾಕ್ಬೇಕು ತೋರಿಸಿ. ದನಕ್ಕೆ ಮೇವು ಹಾಕೋಕೆ ಹೋಗ್ಬೇಕು.”

ಹೀಬರನ ಕಿವಿ ಕೆಂಪಾಯಿತು. ಅಪ್ಪ ಬೇಡವೆನ್ನಲಿ, ಕೂಗಾಡಲಿ ಎಂದು ಒಳಗೊಳಗೇ ಕಾದಿದ್ದನೆಂದು ನನಗೆ ಆಗ ಗೊತ್ತಾಯಿತು. ಹೊರಗೆ ಬಂದಾಗ ಮಾರ್ವಾ ಅವನ ಸೊಟ್ಟ ಕೈ ಹಿಡಿದು ನೋಡಿದಳು.

“ಊಟ ಸರಿಯಾಗಿ ಮಾಡ್ತಿದ್ದೀಯೇನೋ?”

“ಮಾಡ್ತಿದ್ದೀನಿ ಅಮ್ಮ. ತಂಗಿ ಆಲ್ಡಾ ಹೇಗಿದ್ದಾಳೆ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಥಾಡ್ ಗಾಡಿಯ ಹಾರ್ನು ಒತ್ತಿದ. ಅಕ್ಕ ಕೈ ಬಿಟ್ಟು ಓಡಿದಳು.

ಚಾವಣಿಯ ಗುಂಪಿನವರು ಅವನನ್ನು ಚೆನ್ನಾಗಿ ಆಡಿಕೊಂಡರು. “ಯಜಮಾನ್ರು ಬಂದ್ರಪ್ಪ, ದಾರಿ ಬಿಡಿ. ಏನ್ ಯಜಮಾನ್ರೇ, ಸಂಜೆ ಎಲ್ರಿಗೂ ಬಿಯರ್ ತರ್ತೀರಾ?”

“ಬಿಯರ್ ಕೊಳ್ಳೋಕೆ ಇಪ್ಪತ್ತೊಂದಾಗ್ಬೇಕಂತೆ, ಇನ್ನೂ ಐದು ವರ್ಷ. ಕೋರ್ಟು ಅಷ್ಟು ದೊಡ್ಡೋನನ್ನ ಮಾಡಿಲ್ಲ,” ಎಂದ ಹೀಬರ್. ಸಂಜೆ ಮನೆಗೆ ಬಂದು ಇದನ್ನು ಹೇಳುತ್ತ ಅವನು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ. ಒಂದು ಗ್ಯಾರೇಜಿನ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದ. ಶಾಲೆಗೂ ಸೇರಿದ.

ಚಳಿ ಶುರುವಾದಾಗ ಒಂದು ಬೆಳಿಗ್ಗೆ ಅವನ ತಂಗಿ ಆಲ್ಡಾ ಹುಲ್ಲಿನ ಲಾರಿಯಲ್ಲಿ ಬಚ್ಚಿಟ್ಟುಕೊಂಡು ಪೇಟೆಗೆ ಬಂದಳು. ಹದಿನೈದು ವರ್ಷದ ಹುಡುಗಿ, ಜಡೆಯ ತುಂಬ ಹುಲ್ಲಿನ ಚೂರು. ಹೀಬರ್ ನನ್ನನ್ನು ಕರೆಸಿದ. ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡು ತಿನ್ನುತ್ತಲೇ ಅವಳು ಹೇಳಿದಳು: ಹಿರಿಯರು ಅವಳನ್ನು ಒಬ್ಬನಿಗೆ ಗೊತ್ತುಮಾಡಿದ್ದಾರೆ. ಆಗಲೇ ಮೊಮ್ಮಕ್ಕಳಿರುವವನು.

“ನಿನಗೀಗ ಕೋರ್ಟಿನ ಕಾಗದ ಇದ್ಯಲ್ಲ ಅಣ್ಣ. ನೀನು ದೊಡ್ಡೋನು. ನನ್ನ ಇಲ್ಲೇ ಇಟ್ಕೋ.”

ಹೀಬರ್ ನನ್ನ ಮುಖ ನೋಡಿದ. ನಾನು ಇನೆಸರಿಗೆ ಫೋನ್ ಮಾಡಿ ಅವನ ಕೈಗೆ ಕೊಟ್ಟೆ.

“ಕೋರ್ಟು ನಿನ್ನನ್ನ ನಿನ್ನ ಮಟ್ಟಿಗೆ ದೊಡ್ಡೋನನ್ನ ಮಾಡಿದೆ ಹೀಬರ್. ಅವಳ ಮಟ್ಟಿಗಲ್ಲ,” ಎಂದರಂತೆ ಇನೆಸ್. “ಓಡಿಬಂದ ಹುಡುಗಿಯನ್ನ ವಯಸ್ಕನೊಬ್ಬ ಮನೇಲಿಟ್ಕೊಂಡ್ರೆ ಕೂಡ್ಲೇ ಹೆತ್ತವರಿಗೋ ಸರ್ಕಾರಕ್ಕೋ ತಿಳಿಸ್ಬೇಕು. ಇಲ್ದಿದ್ರೆ ಅದು ಅಪರಾಧ. ನಿನ್ನ ಚಿಕ್ಕಮ್ಮನಿಗೂ ಅದೇ ಕಾನೂನು. ನಿಮ್ಮಪ್ಪನಿಗೆ ಫೋನ್ ಮಾಡ್ಬೇಡ. ಮಕ್ಕಳ ರಕ್ಷಣೆಯ ಇಲಾಖೆಗೆ ಫೋನ್ ಮಾಡು. ಮದುವೆ ವಿಷಯ ಹೇಳು. ಅವಳೂ ಹೇಳಿದ್ರೆ ಅವರು ಬಿಡಲ್ಲ.”

“ಹೇಳ್ತೀಯಾ?” ಎಂದು ತಂಗಿಯನ್ನು ಕೇಳಿದ.

“ಹೇಳ್ತೀನಿ.”

ಹೀಬರ್ ಫೋನ್ ಮಾಡಿದ. ಇಲಾಖೆಯಿಂದ ಬಂದ ಹೆಂಗಸು ಮೆತ್ತಗೆ ಮಾತಾಡಿದಳು, ಆಲ್ಡಾಳಿಗೆ ಒಂದು ಕೋಟು ಕೊಟ್ಟು ಕಚೇರಿಗೆ ಕರೆದೊಯ್ದಳು. ಆದರೆ ನಿಯಮದಂತೆ ಹೆತ್ತವರಿಗೂ ತಿಳಿಸಿದಳು. ಮಧ್ಯಾಹ್ನ ನಾವು ಕಚೇರಿಗೆ ಹೋದಾಗ ಥಾಡ್ ಮತ್ತು ಮಾರ್ವಾ ಬೆಂಚಿನ ಮೇಲೆ ಕೂತಿದ್ದರು. ಥಾಡ್ ಗದರಲಿಲ್ಲ. ಆಲ್ಡಾ ಮುಂದೆ ಹಾದುಹೋಗುವಾಗ ತಗ್ಗಿದ ದನಿಯಲ್ಲಿ ಅಂದ: “ನಿಮ್ಮಮ್ಮನ್ನ ಬೇರೆ ಗಂಡಸಿನ ಮನೆಗೆ ಕೊಡ್ಬೇಕಾಗುತ್ತೆ ಅಂತಿದ್ದಾರೆ ಹಿರಿಯರು. ಸಣ್ಣ ಮಕ್ಕಳು ನನ್ನ ಹತ್ರ ಇರ್ತಾವೆ. ನೀನು ನೋಡಿ ಮಾತಾಡು.”

ನನಗೆ ಕೇಳಿಸಿತು. ನಾನು ಅದನ್ನು ಆ ಹೆಂಗಸಿಗೆ ಹೇಳಿದೆ. ಅವಳು ಬರೆದುಕೊಂಡಳು. ಥಾಡ್ ತಾನು ಹಾಗೆ ಅಂದೇ ಇಲ್ಲವೆಂದ. ಮಾರ್ವಾ ತಲೆ ಎತ್ತಲಿಲ್ಲ.

ಒಳಗಿನ ಕೋಣೆಯಲ್ಲಿ ಆಲ್ಡಾ ಏನು ಹೇಳಿದಳೆಂದು ಆಮೇಲೆ ಇನೆಸರಿಂದ ತಿಳಿಯಿತು. ಮದುವೆಯ ಮಾತೇ ಇಲ್ಲ, ಪಾತ್ರೆ ತೊಳೆಯಲು ಬೇಜಾರಾಗಿ ಬಂದೆ ಎಂದಳಂತೆ. ಮೈಮೇಲೆ ಗಾಯವಿರಲಿಲ್ಲ. ಮದುವೆಯೂ ಇನ್ನೂ ಆಗಿರಲಿಲ್ಲ. ಸಂಜೆಗೆ ಮುಂಚೆಯೇ ಅವಳನ್ನು ಅಪ್ಪನ ಜೊತೆ ಕಳಿಸಿಕೊಟ್ಟರು.

ಕೋಟನ್ನು ಬೆಂಚಿನ ಮೇಲೆ ಬಿಚ್ಚಿಟ್ಟು ಹೊರಟವಳು ಅಣ್ಣನ ಮುಂದೆ ನಿಂತಳು. “ಆಯಮ್ಮ ನನ್ನ ಕರ್ಕೊಂಡು ಹೋಗೋಕೆ ಬರೋ ಮುಂಚೆ ನಾವಿಬ್ರೂ ಎಲ್ಲಿಗಾದ್ರೂ ಹೋಗ್ಬಹುದಿತ್ತು.”

“ಹಾಗೆ ಮಾಡೋ ಹಾಗಿರಲಿಲ್ಲ ಆಲ್ಡಾ.”

“ಹೌದು. ನೀನೀಗ ದೊಡ್ಡೋನು.”

ಕ್ರಿಸ್‌ಮಸ್ಸಿಗೆ ಮುಂಚೆ ಆಲ್ಡಾಳನ್ನು ಕಣಿವೆಯಿಂದ ಸಾಗಿಸಿದರು ಎಂದು ಹುಲ್ಲಿನ ಲಾರಿಯವನು ಹೇಳಿದ. ಟೆಕ್ಸಾಸ್ ಅಂದವರಿದ್ದಾರೆ, ಗಡಿಯಾಚೆ ಮೆಕ್ಸಿಕೋ ಅಂದವರಿದ್ದಾರೆ. ಇನೆಸ್ ಇಲಾಖೆಗೆ ಬರೆದ ಅರ್ಜಿಗಳಿಗೆ ಹುಡುಗಿ ಸಂಬಂಧಿಕರ ಮನೆಯಲ್ಲಿ ಕ್ಷೇಮವಾಗಿದ್ದಾಳೆ ಎಂಬ ಉತ್ತರ ಬಂತು. ಯಾವ ಸಂಬಂಧಿಕರೆಂದು ಬರೆದಿರಲಿಲ್ಲ.

ಹೀಬರ್ ಒಮ್ಮೆ ಇನೆಸರ ಮುಂದೆ ಕೂತು ಕೇಳಿದ: “ಈ ಕಾಗದ ವಾಪಸ್ ಕೊಡಬಹುದಾ ಮೇಡಂ?”

“ಕೊಡಬಹುದು. ಕೊಟ್ಟು ಏನ್ ಮಾಡ್ತೀಯಪ್ಪ?”

ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ವಸಂತದಲ್ಲಿ ಒಬ್ಬನೇ ಕಣಿವೆಗೆ ಹೋದ. ಅವನಪ್ಪನ ಮನೆಯಲ್ಲಿ ಬಾಗಿಲು ತೆರೆದದ್ದು ಬೇರೆ ಯಾರದೋ ಸಂಸಾರ. ಥಾಡ್ ಎಲ್ಲಿ, ಮಾರ್ವಾಳನ್ನು ಬೇರೆಯವನಿಗೆ ಕೊಟ್ಟೇಬಿಟ್ಟರೇ ಎಂದು ಕೇಳಿದರೆ ಆ ಹೆಸರಿನವರು ಇಲ್ಲಿಲ್ಲ ಎಂದು ಬಾಗಿಲು ಹಾಕಿಕೊಂಡರು. ಹಿರಿಯರ ಕಾವಲಿನವರು ಗಾಡಿಯಲ್ಲಿ ಹಿಂದೆಯೇ ಬಂದು ಹೆದ್ದಾರಿಯವರೆಗೆ ಅಟ್ಟಿದರು.

ಅಲ್ಲಿಂದ ನೇರ ನನ್ನ ಮನೆಗೆ ಬಂದ. ಹುರುಳಿಕಾಯಿ ಬೇಯಿಸಿದ್ದೆ, ತಟ್ಟೆಗೆ ಹಾಕಿ ಕೊಟ್ಟೆ. ತಿಂದ. ಎರಡು ದಿನ ನನ್ನ ಮನೆಯಲ್ಲೇ ಮಲಗಿದ್ದ. ಆಮೇಲೆ ಏಣಿ ಹೊತ್ತುಕೊಂಡು ಕೆಲಸಕ್ಕೆ ಹೋದ.