ಬ್ರೇಕಿನ ದಿನದ ಬ್ಯಾಕಪ್

“ಕತ್ತೆ ಕಾಯೋಕೂ ಲಾಯಕ್ಕಿಲ್ಲ ನೀನು! ಮೆಷಿನ್ನು ತಾನಾಗೇ ಮಾಡೋ ಕೆಲಸ, ಅದನ್ನೂ ಕೆಡಿಸಿಟ್ಟಿದ್ದೀಯಲ್ಲ?”

ಗಿರಣಿಯ ಗೇಟಿನ ಒಳಗಿರುವ ಬೆಂಚಿನ ಮುಂದೆ ನಿಂತು ಮ್ಯಾನೇಜರು ಹೇಳಿದರು. ನಾನು ಚಪ್ಪಲಿ ನೋಡುತ್ತಾ ಕೂತಿದ್ದೆ. ಅವರದಲ್ಲ, ನನ್ನದು.

ಗಿರಣಿಯ ಹಾಜರಿ, ಸಂಬಳ, ಸರಕಿನ ಲೆಕ್ಕವೆಲ್ಲ ಇರುವ ಡೇಟಾಬೇಸಿನ ನಕಲು ಪ್ರತಿ ಮುಂಜಾನೆ ತಾನಾಗಿ ತಯಾರಾಗಬೇಕು. ಆ ಬ್ಯಾಕಪ್ ಓಡುವುದು ನನ್ನ ಲಾಗಿನ್ನಿನಲ್ಲಿ. ಬ್ಯಾಕಪ್ಪಿಗೆಂದೇ ಬೇರೆ ಲಾಗಿನ್ ಮಾಡಿಸಿಕೊಡಿ ಎಂದು ಮ್ಯಾನೇಜರನ್ನು ಕೇಳಿದ್ದೆ. “ನಿಂದೇ ಹಾಕು, ಸವೆದು ಹೋಗ್ತೀಯಾ?” ಎಂದಿದ್ದರು.

ಇವತ್ತು ನಮಗೆ ಬ್ರೇಕ್. ಗುತ್ತಿಗೆಯವರು ಕಾಯಂ ಮಾಡಿ ಎಂದು ಕೇಳಬಾರದಲ್ಲ, ಅದಕ್ಕೆ ವರ್ಷ ತುಂಬುವ ಮೊದಲು ಒಂದು ದಿನ ಕೆಲಸದಿಂದ ತೆಗೆದು, ಮರುದಿನ ಹೊಸಬರೆಂದು ಸೇರಿಸಿಕೊಳ್ಳುತ್ತಾರೆ. ತೆಗೆದ ದಿನವೂ ಕೆಲಸಕ್ಕೆ ಬರಬೇಕು, ವಿಸಿಟರ್ ಪಾಸಿನಲ್ಲಿ. ಕಸ ಗುಡಿಸುವ ಅಕ್ಕನೂ ಇವತ್ತು ವಿಸಿಟರೇ. ಪೊರಕೆ ಹಿಡಿದೇ ಭೇಟಿ ಕೊಡುತ್ತಾಳೆ. ಇಬ್ಬರೂ ಪಾಸಿಗಾಗಿ ಕಾಯುತ್ತಿದ್ದೆವು.

ತೆಗೆದವರ ಲಾಗಿನ್ ಮುಚ್ಚುತ್ತಾರೆ. ನನ್ನದು ಮುಚ್ಚಿತ್ತು. ಬ್ಯಾಕಪ್ ನಿಂತಿತ್ತು.

“ಏಳು. ನನ್ನ ಲಾಗಿನ್ನಲ್ಲಿ ಕೂತು ಓಡಿಸು. ಆಡಿಟ್‌ನೋರು ಬರೋ ಹೊತ್ತಾಯ್ತು, ಬಂದ ಕೂಡ್ಲೇ ಇವತ್ತಿನ ನಕಲು ಕೇಳ್ತಾರೆ.”

“ನನ್ನ ಲಾಗಿನ್ ತೆರೆದ್ರೆ ಅದೇ ಓಡುತ್ತೆ, ಸರ್.”

“ತೆರೆದ್ರೆ ನೀನಿವತ್ತು ಕೆಲಸದಲ್ಲಿದ್ದ ಹಾಗಾಗುತ್ತಲ್ಲೇ!”

“ಹೌದು, ಸರ್.”

ಅಕ್ಕ ಕಿಸಕ್ಕೆಂದಳು.

“ನಿಂದೇನೇ ಹಲ್ಲು ಕಿರಿಯೋದು?”

“ಅಲ್ಲಪ್ಪಾ, ಇವಳು ಕೆಲಸದಲ್ಲೇ ಇಲ್ಲ ಅಂತೀಯ. ಮತ್ತೆ ಯಾರ ಮನೆ ಮಗಳನ್ನ ಹಿಂಗೆ ಬೈತಿದ್ದೀಯ?”

“ಬಾಯಿ ಮುಚ್ಚೇ, ಲೌಡಿ!”

“ನೀನು ಮುಚ್ಚೋ, ಬೋಳಿಮಗನೆ. ನಾಳೆ ಸೇರಿಸ್ಕೊಂಡ ಮೇಲೆ ಸಾರ್ ಅಂತೀನಿ. ಇವತ್ತು ನೀನು ನನಗೆ ಯಾರು?”

ಮ್ಯಾನೇಜರ ಮುಖ ಕೆಂಪಗಾಯಿತು. ಬೈಗುಳಕ್ಕೋ, ಮಾತು ಸರಿಯಿತ್ತೆಂದೋ ಗೊತ್ತಾಗಲಿಲ್ಲ.

“ನಾಳೆ ಇಬ್ಬರೂ ಬರಬೇಡಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಈಗ ಎದ್ದು ಬಂದ್ರೆ ನಿನ್ನೊಬ್ಬಳನ್ನ ಸೇರಿಸ್ಕೋತೀನಿ. ಓದಿದೋಳು ನೀನು, ಇವಳ ಜೊತೆ ಸೇರಿ ಕೆಡಬೇಡ,” ಎಂದರು.

ನಮ್ಮ ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ. ಅಕ್ಕ ನನ್ನತ್ತ ನೋಡಲಿಲ್ಲ. “ಹೋಗು ಮಗಾ,” ಎಂದಳು, ಪೊರಕೆಯ ಕಡ್ಡಿ ಸರಿ ಮಾಡುತ್ತಾ.

ನನಗೆ ದನಿ ಏರಿಸಲು ಬರುವುದಿಲ್ಲ. ಕೂರಲು ಬರುತ್ತದೆ. ಕೂತೇ ಇದ್ದೆ.

“ಬೆಂಚು ಎತ್ತೋ!” ಮ್ಯಾನೇಜರು ಗೇಟಿನ ಗಾರ್ಡನನ್ನು ಕೂಗಿದರು.

ಗಾರ್ಡೂ ಗುತ್ತಿಗೆಯವನೇ. ಅವನ ಬ್ರೇಕ್ ಮುಂದಿನ ತಿಂಗಳು. “ಏಳಿ ತಾಯಂದ್ರಾ,” ಎಂದು ಮೆಲ್ಲಗೆ ಹೇಳಿ ಬೆಂಚನ್ನು ಹೊತ್ತುಕೊಂಡು ಹೋದ. ನಾವು ನಾಲ್ಕು ಹೆಜ್ಜೆ ನಡೆದು ಗೇಟಿನ ನಟ್ಟನಡುವೆ ನೆಲದ ಮೇಲೆ ಕೂತೆವು. ನೆಲ ಆಗಲೇ ಕಾದಿತ್ತು.

ಆಡಿಟ್‌ನವರ ಕಾರು ಬಂದು ನಮ್ಮ ಬೆನ್ನಿನ ಹತ್ತಿರವೇ ನಿಂತಿತು. ಹಾರ್ನ್ ಹೊಡೆಯಿತು. ಅಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಾರು ಮತ್ತೆ ಹಾರ್ನ್ ಹೊಡೆಯಿತು.