ಕರ್ನಲ್ ಸಾಹೇಬರ ತಂಗಿ

ಕಂಪನಿಯಲ್ಲಿ ಅವಳಿಗೆ ಒಂದು ಹೆಸರಿತ್ತು, ಒಂದು ಹುದ್ದೆಯಿತ್ತು. ಅಣ್ಣ ಬಂದ ಮೇಲೆ ಎರಡೂ ಹೋಗಿ ಅವಳು ಬರೀ ‘ಕರ್ನಲ್ ಸಾಹೇಬರ ತಂಗಿ’ಯಾದಳು. ಕ್ಯಾಂಟೀನಿನವನೂ ಈಗ, “ಸಾಹೇಬ್ರ ಕಾಫಿಗೆ ಸಕ್ಕರೆ ಎಷ್ಟು ಮೇಡಂ?” ಎಂದು ಅವಳನ್ನೇ ಕೇಳುತ್ತಿದ್ದ.

ಅಣ್ಣನನ್ನು ಕರೆತಂದವಳು ಅವಳೇ; ಒಳಗೊಳಗೇ ಕುಟುಕುತ್ತಿದ್ದುದು ಅದು. ಸೈನಿಕರು ಕತ್ತಲಲ್ಲಿ ಬಳಸುವ ಕ್ಯಾಮೆರಾ ತಯಾರಿಸುವ ಕಂಪನಿ ಅದು. ಎದುರಿಗಿರುವ ಮನುಷ್ಯನ ಮೈಶಾಖ ಹಿಡಿದು ಪರದೆಯ ಮೇಲೆ ತೋರಿಸುವ ಆ ಯಂತ್ರದ ಒಳಗನ್ನೆಲ್ಲ ರೂಪಿಸಿದವಳು ಇವಳು. “ನಮ್ಮಣ್ಣ ಸೈನ್ಯದಿಂದ ರಿಟೈರ್ ಆಗ್ತಿದಾನೆ ಸರ್. ಗಡಿಯಲ್ಲಿ ನಿಂತವರ ಕಷ್ಟ ಅವನಿಗೆ ಗೊತ್ತು. ಆಗಾಗ ಬಂದು ಸಲಹೆ ಕೊಡಲಿ” ಎಂದು ಕಂಪನಿಯ ಯಜಮಾನರ ಕಿವಿಗೆ ಹಾಕಿದ್ದಳು. ಸಲಹೆಗೆಂದು ಬಂದವನು ನೋಡನೋಡುತ್ತಲೇ ವಿಭಾಗದ ಮುಖ್ಯಸ್ಥನಾಗಿ, ಅವಳು ವರ್ಷಗಟ್ಟಲೆ ಕಣ್ಣಿಟ್ಟಿದ್ದ ಗಾಜಿನ ಕೋಣೆಯಲ್ಲಿ ಕುಳಿತ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವಳು ಯಾರನ್ನು ಬೈಯಬೇಕು?

ಮನೆಯಲ್ಲಂತೂ ಮೊದಲಿನಿಂದಲೂ ಇದೇ ಪಾಡು. ಅಣ್ಣನ ಹೆಗಲಿಗೆ ಹೊಸ ನಕ್ಷತ್ರ ಏರಿದಾಗಲೆಲ್ಲ ಹಜಾರದ ಗೋಡೆಗೆ ಒಂದು ಫೋಟೋ ಏರುತ್ತಿತ್ತು. ತಂಗಿಯ ಪದವಿಯ ಫೋಟೋ ಮಾತ್ರ ಫ್ರಿಜ್ಜಿನ ಮೇಲೆ, ಔಷಧಿ ಡಬ್ಬಿಯ ಹಿಂದೆ.

“ನೋಡೇ, ನಿಮ್ಮಣ್ಣ ಸೇರಿ ಇನ್ನೂ ವರ್ಷ ಆಗಿಲ್ಲ, ಆಗಲೇ ಮುಖ್ಯಸ್ಥ!” ಎಂದಳು ಅಮ್ಮ.

“ನಾನೂ ಅಲ್ಲೇ ಇದೀನಮ್ಮ. ಕಾಣುತ್ತೆ.”

“ಮತ್ತೆ ಮುಖ ಯಾಕೆ ಹಾಗೆ ಊದಿಸ್ಕೊಂಡಿದೀಯ? ಅವನು ಮೇಲೆ ಬಂದ್ರೆ ನಿನಗೂ ಒಳ್ಳೇದೇ ತಾನೆ?”

“ಹ್ಞೂಂ. ಒಳ್ಳೇ ನೆರಳು ಸಿಗುತ್ತೆ.”

ಹೀಗಿರುವಾಗ, ಹೊಸ ಕ್ಯಾಮೆರಾವನ್ನು ಕಾಯಿಸಿ ಪರೀಕ್ಷಿಸುತ್ತಿದ್ದ ಒಂದು ದಿನ ತಂಗಿಯ ಕಣ್ಣಿಗೆ ದೋಷವೊಂದು ಬಿತ್ತು. ಯಂತ್ರ ಹೆಚ್ಚು ಬಿಸಿಯಾದರೆ ಪರದೆಯ ಚಿತ್ರ ನಿಂತುಬಿಡುತ್ತಿತ್ತು. ಪರದೆ ಕಪ್ಪಾದರೆ ಕೆಟ್ಟಿದೆಯೆಂದಾದರೂ ತಿಳಿಯುತ್ತದೆ. ಇದು ಕಪ್ಪಾಗುತ್ತಿರಲಿಲ್ಲ, ಹಳೆಯ ಚಿತ್ರವನ್ನೇ ತೋರಿಸುತ್ತ ಕೂರುತ್ತಿತ್ತು. ಕಾವಲಿಗೆ ಕೂತ ಸೈನಿಕನಿಗೆ ಕಾಣುವುದು ಖಾಲಿ ಬಯಲು. ಶತ್ರು ಮಗ್ಗುಲಿಗೇ ಬಂದರೂ ಅದೇ ಖಾಲಿ ಬಯಲು.

ಓಡಿಹೋಗಿ ಹೇಳಬೇಕಿತ್ತು. ಎದ್ದೂ ನಿಂತಳು. ಅಷ್ಟರಲ್ಲಿ ಗಾಜಿನ ಕೋಣೆಯೊಳಗೆ ಯಜಮಾನರು ಅಣ್ಣನ ಬೆನ್ನು ತಟ್ಟುವುದು ಕಂಡಿತು. ಮತ್ತೆ ಕುಳಿತಳು. ಇದು ಸೈನಿಕರ ಕೈ ಸೇರಲು ಬಿಡುತ್ತಾಳೆಯೇ? ಖಂಡಿತ ಇಲ್ಲ. ಮುಂದಿನ ಸೋಮವಾರದ ಸಭೆಯಲ್ಲಿ ಅಣ್ಣ ‘ಎಲ್ಲ ಸಿದ್ಧ’ ಎಂದು ಎದೆಯುಬ್ಬಿಸಿ ಹೇಳಲಿ. ಆಮೇಲೆ ಮೆಲ್ಲಗೆ ಬಾಯಿಬಿಟ್ಟರಾಯಿತು. ಯಂತ್ರ ಬಲ್ಲವರು ಯಾರು, ಬರೀ ಸಲ್ಯೂಟ್ ಬಲ್ಲವರು ಯಾರು ಎಂದು ಯಜಮಾನರಿಗೂ ತಿಳಿಯಲಿ. ವಾರವಿಡೀ ಆ ಮಾತನ್ನು ಕನ್ನಡಿಯ ಮುಂದೆ ಒಪ್ಪ ಮಾಡಿದಳು. ದನಿಯಲ್ಲಿ ಸಿಟ್ಟು ಬೇಡ, ತುಸು ಮರುಕವೇ ಇರಲಿ.

ಅಲ್ಲಿ ಸಭೆಯೆಂದರೆ ಯಜಮಾನರು ಮಾತಾಡುವುದು, ಉಳಿದವರು ತಲೆಯಾಡಿಸುವುದು. ಸೋಮವಾರ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅಣ್ಣ ಕೈಯೆತ್ತಿದ.

“ಸರ್, ಇವತ್ತು ನಮ್ಮ ಪದ್ಧತಿ ನೋಡೋಣ್ವಾ? ಗಸ್ತಿಗೆ ಹೊರಡೋ ಮುಂಚೆ ನಾವು ಎಲ್ಲರಿಗಿಂತ ಕಿರಿಯವನನ್ನ ಮೊದಲು ಕೇಳ್ತಿದ್ವಿ. ದೊಡ್ಡವರು ಬಾಯಿ ತೆಗೆದ ಮೇಲೆ ಚಿಕ್ಕವರ ಬಾಯಿಗೆ ಬೀಗ ಬೀಳುತ್ತೆ ನೋಡಿ.”

“ಆಗಲಪ್ಪ, ನನ್ನ ಗಂಟಲಿಗೂ ರಜೆ ಸಿಕ್ಕ ಹಾಗಾಯ್ತು” ಎಂದು ಯಜಮಾನರು ನಕ್ಕರು.

ಎಲ್ಲರಿಗಿಂತ ಕಿರಿಯಳು ಈಚೆಗೆ ಸೇರಿದ್ದ ಇಂಜಿನಿಯರ್ ಹುಡುಗಿ. ಆಳು ಸಣ್ಣದೆಂದು ಎಲ್ಲರೂ ‘ಗುಬ್ಬಿ’ ಎನ್ನುತ್ತಿದ್ದರು. ಅವಳು ಎದ್ದು ನಿಂತಳು.

“ಸರ್, ಅದು… ನನ್ನದೇ ತಪ್ಪಿರಬಹುದು. ಕ್ಯಾಮೆರಾನ ಕಿಟಕಿ ಹತ್ರ ಬಿಸಿಲಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದೆ. ವಾಪಸ್ ಬಂದು ಅದರ ಮುಂದಿನ ಕುರ್ಚಿ ಮೇಲೆ ಕೂತೆ. ಪರದೆ ನೋಡಿದ್ರೆ ಕುರ್ಚಿ ಖಾಲಿ.”

“ನೀನು ಕೂತ್ರೂ ಖಾಲಿನೇ ಬಿಡು!” ಎಂದು ಯಾರೋ ಕಿಚಾಯಿಸಿದರು.

ಅಣ್ಣ ನಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. “ಇದನ್ನ ನಂಬಿ ನಮ್ಮ ಹುಡುಗ್ರು ಕಾವಲಿಗೆ ಕೂತಿದ್ರೆ…” ಎಂದು ಅರ್ಧಕ್ಕೇ ನಿಲ್ಲಿಸಿ, “ಹೇಳಿದ್ದು ಒಳ್ಳೇದಾಯ್ತು ಮಗೂ” ಎಂದ.

“ಅನುಭವ ಅಂದ್ರೆ ಇದು ನೋಡಿ!” ಎಂದು ಯಜಮಾನರು ಮೇಜು ತಟ್ಟಿದರು. “ಕರ್ನಲ್ ಕೇಳದೇ ಇದ್ದಿದ್ರೆ ಈ ಹುಡುಗಿ ಬಾಯೇ ಬಿಡ್ತಿರಲಿಲ್ಲ.”

ತಂಗಿಗೆ ಕೈಕೈ ಹಿಸುಕಿಕೊಳ್ಳುವಂತಾಯಿತು. ವಾರವೆಲ್ಲ ಮಸೆದಿಟ್ಟ ಮಾತು ಇನ್ನೊಬ್ಬಳ ಬಾಯಲ್ಲಿ ಬಂದು, ಹೊಗಳಿಕೆ ಅಣ್ಣನ ಪಾಲಾಗಿತ್ತು. ಯಜಮಾನರು ಅವಳತ್ತ ತಿರುಗಿದರು. “ಒಳಗಿನದೆಲ್ಲ ನಿಮ್ಮದೇ ಕೆಲಸ ಅಲ್ವೇನಮ್ಮ? ನಿಮಗೆ ಗೊತ್ತಿರಲಿಲ್ವಾ?”

ಗೊತ್ತಿತ್ತು ಎಂದರೆ ದ್ರೋಹಿ. ಗೊತ್ತಿರಲಿಲ್ಲ ಎಂದರೆ ದಡ್ಡಿ.

“ಇಲ್ಲ ಸರ್.”

ಅಣ್ಣ ಅವಳನ್ನೇ ನೋಡಿದ. ಆಮೇಲೆ ಯಜಮಾನರಿಗೆ, “ಪರೀಕ್ಷೆ ಬೇಗ ಮುಗಿಸಿ ಅಂತ ಅವಸರ ಮಾಡಿದ್ದು ನಾನೇ ಸರ್. ತಪ್ಪು ನನ್ನ ಮೇಲಿರಲಿ” ಎಂದ. ಅವಸರ ಅವನು ಮಾಡಿರಲೇ ಇಲ್ಲ. ಮೇಜಿನ ಸುತ್ತ ಇದ್ದವರ ಕಣ್ಣಲ್ಲಿ ಅವನು ಇನ್ನಷ್ಟು ಎತ್ತರವಾದ.

ಮಧ್ಯಾಹ್ನ ಗುಬ್ಬಿ ಕ್ಯಾಮೆರಾದ ಮುಚ್ಚಳ ಬಿಚ್ಚಿ ಬ್ಯಾಟರಿಯ ತಂತಿಗಳನ್ನು ತಡಕುತ್ತಿದ್ದಳು. ದೋಷ ಅಲ್ಲಿರಲಿಲ್ಲ. ತಂಗಿ ನೋಡುತ್ತ ನಿಂತಳು.

“ಮೇಡಂ, ಎಲ್ಲಿಂದ ಶುರು ಮಾಡ್ಲಿ? ಬೇರೆ ಯಾರನ್ನೂ ಕೇಳ್ಬೇಡ, ನಮ್ಮ ಪುಟ್ಟೀನ ಕೇಳು, ಅವಳಿಗೆ ಗೊತ್ತಿರುತ್ತೆ ಅಂದ್ರು ಸಾಹೇಬ್ರು.” ಗುಬ್ಬಿ ನಾಲಿಗೆ ಕಚ್ಚಿಕೊಂಡಳು. “ಸಾರಿ ಮೇಡಂ, ಪುಟ್ಟಿ ಅಂದಿದ್ದು ಅವರು.”

ಗೊತ್ತಿರುತ್ತೆ. ಅಂದರೆ ಸಭೆಯಲ್ಲಿ ಅವಳು ‘ಇಲ್ಲ ಸರ್’ ಎಂದಾಗಲೇ ಅವನಿಗೆ ಎಲ್ಲ ತಿಳಿದಿದೆ. ತಿಳಿದೂ ಮುಚ್ಚಿಹಾಕಿದ್ದಾನೆ. ಅಮ್ಮನ ಮುಂದೆಯೂ ಉಸಿರೆತ್ತುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ದೊಡ್ಡತನವನ್ನು ಏನು ಮಾಡುವುದು? ಗಾಜಿನ ಕೋಣೆ ಹೋಯಿತು, ಹೊಗಳಿಕೆ ಹೋಯಿತು. ತನ್ನ ತಪ್ಪಾದರೂ ತನ್ನದಾಗಿರಬೇಡವೇ? ಅದನ್ನೂ ಅವನೇ ಹೊತ್ತು ಮೆರೆಯಬೇಕೇ?

“ಬ್ಯಾಟರಿ ಬಿಡು. ಪಕ್ಕದ ಚಿಕ್ಕ ಬೋರ್ಡ್ ತೆಗಿ” ಎಂದಳು. “ಕಾದಾಗ ನಿಂತುಹೋಗೋದು ಅದು.”

“ಅಬ್ಬಾ! ಇಷ್ಟು ಬೇಗ ಹೇಗೆ ಗೊತ್ತಾಯ್ತು ಮೇಡಂ?”

“ಬೇಗ ಏನಲ್ಲ. ಹೋದ ವಾರಾನೇ ಗೊತ್ತಾಗಿತ್ತು.”

ತಂಗಿ ಸೀದಾ ಯಜಮಾನರ ಕೋಣೆಯತ್ತ ನಡೆದಳು. ಗಾಜಿನ ಹಿಂದೆ ಅಣ್ಣ ಥಟ್ಟನೆ ಎದ್ದು, ಬೇಡ ಬೇಡವೆಂದು ತಲೆಯಾಡಿಸಿದ. ಅವನು ಹಾಗೆ ಗಾಬರಿಯಾದದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವನನ್ನು ನೋಡುತ್ತಲೇ ಯಜಮಾನರ ಬಾಗಿಲು ಬಡಿದಳು.