ಪೋರ್ಟಲ್ಲಿನಲ್ಲಿ ಇಲ್ಲದ ಹೆಸರು

ಶುಕ್ರವಾರ ಬೆಳಿಗ್ಗೆ ಪ್ರೊಫೆಸರ್ ವೃಷಭೇಂದ್ರಪ್ಪನವರಿಗೆ ಜ್ವರ ಬಂತು. ಬಂದದ್ದು ಥರ್ಮಾಮೀಟರಿಗೆ ಮಾತ್ರ ತಿಳಿಯಲಿಲ್ಲ. ಅರ್ಥಶಾಸ್ತ್ರ ವಿಭಾಗಕ್ಕೆ ರಜೆ ಹೇಳಿ, ಮೊಬೈಲು ಆರಿಸಿ, ಶ್ರೀರಾಂಪುರದ ಮನೆಯ ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದರು. ಏಪ್ರಿಲ್ ತಿಂಗಳಲ್ಲಿ ಕಂಬಳಿ! ಹೆಂಡತಿ ಸರ್ವಮಂಗಳಮ್ಮ ಹಣೆ ಮುಟ್ಟಿ ನೋಡಿ ಅಡುಗೆಮನೆಗೆ ಹೋದರು.

ಜ್ವರಕ್ಕೆ ಕಾರಣ ವಿಭಾಗದ ಮೇಜಿನ ಮೇಲೆ ನಾಲ್ಕು ದಿನದಿಂದ ಸಹಿಗೆ ಕಾದಿದ್ದ ಒಂದು ಕಾಗದ. ಅದು ಅವರ ವಿಭಾಗದ ಅತಿಥಿ ಉಪನ್ಯಾಸಕಿ ಅನುಪಮಾಳದು.

ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯ ಆನ್‌ಲೈನ್ ಎಂ.ಎ. ಶುರು ಮಾಡಿದಾಗ, ಪೋರ್ಟಲ್ಲಿನೊಳಗೆ ಹೋಗುವ ಐಡಿ, ಪಾಸ್‌ವರ್ಡ್ ಕೊಟ್ಟದ್ದು ಕಾಯಂ ಅಧ್ಯಾಪಕರಿಗೆ ಮಾತ್ರ. ಅತಿಥಿಗಳು ಅತಿಥಿಗಳೇ, ಇವತ್ತು ಬರುತ್ತಾರೆ, ನಾಳೆ ಹೋಗುತ್ತಾರೆ, ಅವರಿಗೇಕೆ ಐಡಿ ಎಂದು ಮೇಲಿನವರ ಲೆಕ್ಕಾಚಾರ. ವೃಷಭೇಂದ್ರಪ್ಪನವರಿಗೂ ಕಂಪ್ಯೂಟರಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ. ತಮ್ಮ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅನುಪಮಾಳ ಕೈಗೆ ಕೊಟ್ಟು, "ನೀನೇ ಸ್ವಲ್ಪ ನೋಡ್ಕೊಳಮ್ಮ" ಅಂದರು. ಆ 'ಸ್ವಲ್ಪ' ಬೆಳೆಯುತ್ತಾ ಹೋಯಿತು. ಪಾಠ ಬರೆದು ಏರಿಸುವುದು, ವಿದ್ಯಾರ್ಥಿಗಳ ಸಂದೇಹಕ್ಕೆ ಉತ್ತರ ಕೊಡುವುದು, ಅಸೈನ್‌ಮೆಂಟ್ ತಿದ್ದುವುದು, ಓದು ಬಿಡುತ್ತೇನೆ ಎಂದವರಿಗೆ ಫೋನ್ ಮಾಡಿ ಧೈರ್ಯ ಹೇಳುವುದು, ಎಲ್ಲವೂ ಅವಳದೇ ಆಯಿತು. ಪರದೆಯ ಮೇಲೆ ಮಾತ್ರ ಪ್ರತಿ ಉತ್ತರದ ಪಕ್ಕದಲ್ಲೂ ವೃಷಭೇಂದ್ರಪ್ಪನವರ ಹೆಸರು, ತಲೆಯಲ್ಲಿ ಇನ್ನೂ ಕೂದಲಿದ್ದ ಕಾಲದ ಫೋಟೋ.

ಈ ವರ್ಷ ವಿಶ್ವವಿದ್ಯಾಲಯ ಅತ್ಯುತ್ತಮ ಆನ್‌ಲೈನ್ ಬೋಧಕ ಪ್ರಶಸ್ತಿ ಕೊಡುವುದಾಗಿ ಹೇಳಿ, ವಿದ್ಯಾರ್ಥಿಗಳ ಮತ ಕೇಳಿತು. ನಾನ್ನೂರಕ್ಕೂ ಹೆಚ್ಚು ಜನ ವೃಷಭೇಂದ್ರಪ್ಪನವರ ಹೆಸರಿಗೆ ಒತ್ತಿದರು. ಸುದ್ದಿ ಬಂದ ದಿನ ಅವರಿಗೆ ನಾಚಿಕೆಯೇ ಆಯಿತು. ಆದರೆ ಬಂಧುಬಳಗದವರೆಲ್ಲ ಫೋನ್ ಮಾಡಿ ಹೊಗಳಿದ ಮೇಲೆ ಆ ನಾಚಿಕೆ ಎಲ್ಲೋ ಜಾರಿಕೊಂಡಿತು. 'ಬೋಧನೆಯ ಎಲ್ಲ ಕೆಲಸವನ್ನೂ ಸ್ವತಃ ನಾನೇ ನಿರ್ವಹಿಸಿರುತ್ತೇನೆ' ಎಂಬ ಘೋಷಣಾ ಪತ್ರಕ್ಕೆ ಸಹಿ ಹಾಕಿಕೊಟ್ಟರು.

ಅದಾದ ಮೂರನೇ ದಿನ, ಸೋಮವಾರ, ಅನುಪಮಾ ತನ್ನ ಕಾಗದ ತಂದಳು. ವಿಶ್ವವಿದ್ಯಾಲಯದ್ದೇ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಮೂರು ವರ್ಷ ಆನ್‌ಲೈನ್ ಪಾಠ ಮಾಡಿದ್ದಾಳೆ ಎಂದು ವಿಭಾಗದ ಮುಖ್ಯಸ್ಥರಾದ ಇವರು ಬರೆದುಕೊಟ್ಟರೆ ಸಾಕಿತ್ತು.

"ಶುಕ್ರವಾರ ಸಂಜೆ ಐದು ಗಂಟೆಗೆ ಲಾಸ್ಟು ಸಾರ್. ನನಗೆ ನಲವತ್ತಾಯ್ತು, ಇದು ಬಿಟ್ರೆ ಮತ್ತೆ ಅರ್ಜಿ ಹಾಕೋಕೆ ಆಗಲ್ಲ. ಒಂದು ಸಹಿ ಅಷ್ಟೆ."

"ಇಟ್ಟು ಹೋಗಮ್ಮ, ನೋಡ್ತೀನಿ" ಅಂದರು.

ನೋಡುವುದೇನಿತ್ತು? ಇದಕ್ಕೆ ಸಹಿ ಹಾಕಿದರೆ, ಪಾಠ ಮಾಡಿದ್ದು ನಾನೇ ಎಂಬ ಒಂದು ಕಾಗದ, ಮಾಡಿದ್ದು ಅವಳು ಎಂಬ ಇನ್ನೊಂದು ಕಾಗದ, ಎರಡೂ ಒಂದೇ ಕಚೇರಿಯ ಕಡತಕ್ಕೆ ಹೋಗುತ್ತವೆ. ಪ್ರಶಸ್ತಿ ಸಮಾರಂಭ ಶನಿವಾರ. ಅದೊಂದು ಮುಗಿಯಲಿ, ಆಮೇಲೆ ಸಹಿ ಹಾಕಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡರು. ಶನಿವಾರಕ್ಕೆ ಮೊದಲು ಶುಕ್ರವಾರ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಜ್ವರ ಬಂದದ್ದು.

ಮಧ್ಯಾಹ್ನ ಮೂರರ ಹೊತ್ತಿಗೆ ಗೇಟಿನ ಸದ್ದಾಯಿತು. ಕಂಬಳಿಯೊಳಗಿದ್ದ ವೃಷಭೇಂದ್ರಪ್ಪನವರಿಗೆ ಬಾಗಿಲಲ್ಲಿ ಅನುಪಮಾಳ ದನಿ ಕೇಳಿಸಿತು.

"ಸಾರ್ ಇದಾರಾಮ್ಮಾ? ಫೋನ್ ಸ್ವಿಚ್ ಆಫ್ ಬರ್ತಿದೆ. ಇನ್ನೊಂದು ಕಾಪಿ ತಂದಿದೀನಿ, ಒಂದೇ ಒಂದು ಸಹಿ."

ಸರ್ವಮಂಗಳಮ್ಮ ಒಳಗೆ ಬಂದು ಗಂಡನ ಮುಖ ನೋಡಿದರು. ಅವರು ಕೈಯಾಡಿಸಿ, ಇಲ್ಲವೆನ್ನು ಎಂದು ಸನ್ನೆ ಮಾಡಿದರು.

"ಊರಲ್ಲಿಲ್ಲ ಕಣಮ್ಮ. ನಾಳೆ ಬರ್ತಾರೆ" ಎಂಬ ಹೆಂಡತಿಯ ಮಾತು ಕೇಳಿಸಿತು. ಆದರೆ ಗೇಟು ತೆರೆದ ಸದ್ದಾಗಲಿಲ್ಲ. ಅವಳು ಮೆಟ್ಟಿಲ ಮೇಲೇ ಕೂತಿದ್ದಾಳೆಂದು ಅವರಿಗೆ ತಿಳಿಯಿತು. ಗಡಿಯಾರ ಐದು ಹೊಡೆದ ಮೇಲೆ ಗೇಟು ಮತ್ತೆ ಸದ್ದು ಮಾಡಿತು.

"ರಾಜೀವನಗರದಿಂದ ಎರಡು ಬಸ್ಸು ಹತ್ತಿ ಬಂದಿತ್ತಂತೆ ಆ ಹುಡುಗಿ" ಸರ್ವಮಂಗಳಮ್ಮ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು. "ಕಾಫಿ ಕೊಟ್ರೆ ಬೇಡ ಅಂತು. ನನ್ ಕೈಲಿ ಇನ್ನೊಂದ್ಸಲ ಇಂಥ ಸುಳ್ಳು ಹೇಳಿಸ್ಬೇಡಿ ಕಣ್ರೀ."

ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ. ತಾನು ಕೆಟ್ಟವನಲ್ಲ, ಯಾರಿಗೂ ಕೇಡು ಬಗೆದವನಲ್ಲ ಎಂದುಕೊಳ್ಳುತ್ತ ಮಗ್ಗುಲು ಬದಲಿಸಿದರು. ಮಾಡಿದ್ದು ಮಾತ್ರ ಕೇಡೇ ಎಂದು ಅವರ ಮನಸ್ಸಿಗೆ ಗೊತ್ತಿತ್ತು.

ಶನಿವಾರ ಸಭಾಂಗಣದಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿರೂಪಕಿ ವಿದ್ಯಾರ್ಥಿಗಳ ಅಭಿಪ್ರಾಯ ಓದಿದಳು: "ವರಮಹಾಲಕ್ಷ್ಮಿ ಹಬ್ಬದ ದಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಬೆಲೆ ಏರಿದರೂ ನಾವೇಕೆ ಕೊಳ್ಳುತ್ತೇವೆ ಎಂದು ಕೇಳಿ ಬೇಡಿಕೆಯ ಪಾಠ ಹೇಳಿಕೊಟ್ಟರು, ಜನ್ಮದಲ್ಲಿ ಮರೆಯುವುದಿಲ್ಲ." ಚಪ್ಪಾಳೆ ಬಿತ್ತು. ಇಂಥದೊಂದು ಪಾಠವಿದೆ ಎಂದು ವೃಷಭೇಂದ್ರಪ್ಪನವರು ಕೇಳಿದ್ದೇ ಆಗ. ಪೇಟ ಬಿಗಿಯಾಗಿ ಹಣೆಯೆಲ್ಲ ಬೆವರಿತು.

ಕೆಳಗಿಳಿದಾಗ ಮಧ್ಯವಯಸ್ಸಿನ ಹೆಂಗಸೊಬ್ಬಳು ಎದುರಾದಳು. "ನಮಸ್ಕಾರ ಸಾರ್. ನಾನು ವಸಂತಮ್ಮ, ಕುಂಬಾರಕೊಪ್ಪಲು. ಅಂಗನವಾಡಿ ಟೀಚರು. ಈ ಸಲ ಎಂ.ಎ. ಪಾಸಾದೆ." ಅವಳು ಚೀಲದಿಂದ ಒಂದು ತಟ್ಟೆ ತೆಗೆದಳು. ಎಲೆ ಅಡಿಕೆ, ಅರಿಶಿನ ಕುಂಕುಮ, ಹಸಿರು ಬಳೆ, ಒಂದು ರವಿಕೆ ಕಣ.

ಮನೆಯವರಿಗಿರಬೇಕು ಎಂದುಕೊಂಡು ಅವರು ಕೈ ಚಾಚಿದರು.

"ಇದು ಅನುಪಮಾ ಮೇಡಂಗೆ ಸಾರ್. ಎಲ್ಲಿ ಅವ್ರು, ಕಾಣ್ತಾನೇ ಇಲ್ಲ?"

ಚಾಚಿದ ಕೈ ಅಲ್ಲೇ ನಿಂತಿತು.

"ನಮ್ಮೆಜಮಾನ್ರು ಹೋದಾಗ ಓದು ಬುಟ್ಬುಡ್ತೀನಿ ಅಂದಿದ್ದೆ. ದಿನಾ ಫೋನ್ ಮಾಡಿ ಓದ್ಸಿದ್ರು. ಓಟು ಹಾಕೋ ಫಾರಂನಲ್ಲಿ ಅವ್ರ ಹೆಸ್ರೇ ಇರ್ಲಿಲ್ಲ. ನಿಮ್ಮ ಹೆಸ್ರಿಗೆ ಒತ್ತಿದ್ರೆ ಅವ್ರಿಗೇ ಸೇರುತ್ತೆ ಅಂತ ಎಲ್ರೂ ಅಂಗೇ ಒತ್ತುದ್ವಿ. ನೀವು ಅವ್ರ ಪರವಾಗಿ ತಗೊಂಡ್ರಿ ಅಲ್ವಾ ಸಾರ್?"

ಹೌದಮ್ಮ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವಳ ಮುಖ ನೋಡಿ ವೃಷಭೇಂದ್ರಪ್ಪನವರಿಗೆ ಅದನ್ನು ಆಡಲಾಗಲಿಲ್ಲ.

"ಇಲ್ಲಮ್ಮ. ನಾನು ನನಗೇ ಅಂತ ತಗೊಂಡೆ. ಅವಳಿಗೊಂದು ಸಹಿ ಬೇಕಿತ್ತು, ಅದನ್ನೂ ಹಾಕಿಕೊಡಲಿಲ್ಲ. ಅವಳು ಅರ್ಜಿ ಹಾಕಬೇಕಿದ್ದ ಕೆಲಸ ಕೈತಪ್ಪಿತು."

ವಸಂತಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಿಂದ ಮುಚ್ಚಿದಳು.

"ನಾನೇ ಹೋಗಿ ಕೊಡ್ತೀನಿ. ಅವ್ರ ಮನೆ ಎಲ್ಲಿ ಸಾರ್?"

"ರಾಜೀವನಗರ."

"ರಾಜೀವನಗರದಲ್ಲಿ ಎಲ್ಲಿ?"

ವೃಷಭೇಂದ್ರಪ್ಪನವರು ಬಾಯಿ ತೆರೆದರು. ಮೂರು ವರ್ಷದಲ್ಲಿ ಒಂದು ದಿನವೂ ಅವರು ಅದನ್ನು ಕೇಳಿರಲಿಲ್ಲ.